ಆಲ್ಟರ್ನೇಟರ್ ಹೋದರೆ ಊರಲ್ಲಿ ಬಿಚ್ಚುತ್ತಾರೆ, ಇಲ್ಲಿ ಬದಲಿಸುತ್ತಾರೆ

ಮಿಶಿಗನ್‌ನಲ್ಲಿ ಚಳಿ ಜೋರಾದರೆ ಸಾಕು, ಕನ್ನಡ ಕೂಟದ ಊಟದ ಸಾಲಿನಲ್ಲಿ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. 'ಆಲ್ಟರ್ನೇಟರ್ ಹೋಯ್ತು ಕಣ್ರೀ, ಹೊಸದು ಹಾಕಿಸಲಾ, ರೀಮ್ಯಾನುಫ್ಯಾಕ್ಚರ್ಡ್ ಸಾಕಾ?' ಆಲ್ಟರ್ನೇಟರ್ ಅಂದರೆ ಎಂಜಿನ್ ಓಡುವಾಗ ಕರೆಂಟ್ ತಯಾರಿಸಿ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ. ರೀಮ್ಯಾನುಫ್ಯಾಕ್ಚರ್ಡ್, ಚಿಕ್ಕದಾಗಿ ರೀಮ್ಯಾನ್, ಅಂದರೆ ಹಳೆಯದನ್ನೇ ಕಾರ್ಖಾನೆಯಲ್ಲಿ ಬಿಚ್ಚಿ ಸರಿಮಾಡಿದ್ದು. ಊರಿಂದ ಈಚೆಗೆ ಬಂದವರು 'ಹಳೇದೆಲ್ಲ ಯಾಕೆ, ಹೊಸದೇ ಹಾಕ್ಸಿ' ಅನ್ನುತ್ತಾರೆ. ಇಲ್ಲೇ ಬೇರೂರಿದವರು 'ರೀಮ್ಯಾನ್‌ಗೆ ಲೈಫ್‌ಟೈಮ್ ವಾರಂಟಿ ಇದೆ, ಸುಮ್ನೆ ತಗೊಳ್ಳಿ' ಅನ್ನುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಡಬ್ಬದ ಮೇಲೆ ಹೊಸದು ಅಂತ ಬರೆದಿದೆಯೋ ಹಳೆಯದು ಅಂತ ಬರೆದಿದೆಯೋ ಅನ್ನುವುದಕ್ಕಿಂತ, ಒಳಗೆ ಏನು ಹಾಕಿದ್ದಾರೆ, ಯಾರು ಹಾಕಿದ್ದಾರೆ ಅನ್ನುವುದೇ ಮುಖ್ಯ. ಇದು ನನಗೆ ಅರ್ಥವಾಗಿದ್ದು ಅಮೆರಿಕದಲ್ಲಲ್ಲ, ಶಿವಮೊಗ್ಗದಲ್ಲಿ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ಗೆ ಹೋದವರಿಗೆ ಗೊತ್ತು. 'ಚಾರ್ಜಿಂಗ್ ಬರ್ತಿಲ್ಲ' ಅಂದರೆ ಎಲೆಕ್ಟ್ರಿಷಿಯನ್ ಮೊದಲು ಡೈನಮೋ ಕೆಳಗಿಳಿಸುತ್ತಾರೆ. ಹಳಬರೆಲ್ಲ ಆಲ್ಟರ್ನೇಟರನ್ನು ಈಗಲೂ ಡೈನಮೋ ಅಂತಲೇ ಕರೆಯುವುದು. ನಾಲ್ಕು ಉದ್ದನೆಯ ಬೋಲ್ಟ್ ಬಿಚ್ಚಿ ಎರಡು ಹೋಳು ಮಾಡಿದರೆ ಕರಿ ಪುಡಿ ಉದುರುತ್ತದೆ. ಅದು ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಸವೆದದ್ದು. ಬ್ರಶ್ ಒತ್ತಿಕೊಂಡು ಓಡುವ ತಾಮ್ರದ ರಿಂಗಿನ ಮೇಲೆ ಉಗುರು ಆಡಿಸಿ ನೋಡುತ್ತಾರೆ, ಗೀರು ಉಗುರಿಗೆ ಸಿಕ್ಕಿದರೆ ರಿಂಗೂ ಸವೆದಿದೆ ಅಂತ ಅರ್ಥ. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. ಎಸಿ ಕರೆಂಟನ್ನು ಡಿಸಿ ಮಾಡುವ ಡಯೋಡ್ ಪ್ಲೇಟ್ ಮತ್ತು ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಬೇರೆಬೇರೆಯಾಗಿ ಚೆಕ್ ಮಾಡುತ್ತಾರೆ. ಹೋಗಿರುವುದು ಬ್ರಶ್ ಒಂದೇ ಆದರೆ ನೂರಿನ್ನೂರು ರೂಪಾಯಿ ಮಾಲು, ಅದರ ಮೇಲೆ ಕೂಲಿ. ಮಧ್ಯಾಹ್ನದ ಊಟದ ಹೊತ್ತಿಗೆ ಕಾರು ಮನೆಯಲ್ಲಿ. ಒಳಗಿನ ತಂತಿ ಸುತ್ತು, ಅಂದರೆ ವೈಂಡಿಂಗ್, ಸುಟ್ಟಿದ್ದರೆ 'ಸಾರ್, ಇದರಲ್ಲಿ ಏನೂ ಉಳಿದಿಲ್ಲ' ಅಂತ ನೇರವಾಗಿ ಹೇಳುತ್ತಾರೆ.

ಇಲ್ಲಿ ಹಾಗಲ್ಲ. ಇಲ್ಲಿ ಬಹುಪಾಲು ಗ್ಯಾರೇಜುಗಳಲ್ಲಿ ಅದನ್ನು ಬಿಚ್ಚುವುದೇ ಇಲ್ಲ. ಅವರಿಗೆ ಬರಲ್ಲ ಅಂತಲ್ಲ, ಲೆಕ್ಕ ಕೂಡಿಬರಲ್ಲ. ಗಂಟೆಗೆ ನೂರು ಡಾಲರ್‌ಗಿಂತ ಜಾಸ್ತಿ ಕೂಲಿ ಇರುವ ಕಡೆ ಒಬ್ಬ ಮೆಕ್ಯಾನಿಕ್ ಅರ್ಧ ದಿನ ಕೂತು ಬ್ರಶ್‌ಗೆ ಬೆಸುಗೆ ಹಾಕಿದರೆ, ಅಂಗಡಿಯಲ್ಲಿ ಸಿಗುವ ಇಡೀ ಆಲ್ಟರ್ನೇಟರ್‌ಗಿಂತ ಅದೇ ದುಬಾರಿ. ಹಾಗಾಗಿ ಬಿಚ್ಚುವ ಕೆಲಸವನ್ನೇ ಕಾರ್ಖಾನೆಗೆ ಸಾಗಿಸಿದ್ದಾರೆ. ನಿಮ್ಮ ಹಳೆಯದನ್ನು ಅಂಗಡಿಗೆ ವಾಪಸ್ ಕೊಡಬೇಕು, ಕೊಡುವ ತನಕ ಕೋರ್ ಚಾರ್ಜ್ ಅಂತ ಒಂದಿಷ್ಟು ಡಾಲರ್ ಠೇವಣಿ ಹಿಡಿದಿರುತ್ತಾರೆ. ಹಾಗೆ ಬಂದ ಹಳೆಯ ಮಾಲು ಕಾರ್ಖಾನೆಗೆ ಹೋಗುತ್ತದೆ, ಅಂಥ ಕಾರ್ಖಾನೆಗಳಲ್ಲಿ ಎಷ್ಟೋ ಮೆಕ್ಸಿಕೋದಲ್ಲಿವೆ. ಅಲ್ಲಿ ತೊಳೆದು, ಸವೆದದ್ದನ್ನು ಬದಲಿಸಿ, ಬೆಂಚಿನ ಮೇಲೆ ಲೋಡ್ ಕೊಟ್ಟು ಪರೀಕ್ಷೆ ಮಾಡಿ, ಮತ್ತೆ ಡಬ್ಬಕ್ಕೆ ಹಾಕುತ್ತಾರೆ. ತಾಮ್ರ, ಅಲ್ಯೂಮಿನಿಯಂ, ಉಕ್ಕು ಎಲ್ಲ ಇನ್ನೊಂದು ಕಾರಿನಲ್ಲಿ ಓಡುತ್ತದೆ. ಇದು ನಿಜವಾಗಿಯೂ ಒಳ್ಳೆಯ ಪದ್ಧತಿ. ನಮ್ಮಲ್ಲೂ ಬರಬೇಕು ಅನ್ನುವುದು ನನ್ನ ಆಸೆ.

ಹಾಗಾದರೆ ರೀಮ್ಯಾನ್ ಬಗ್ಗೆ ನನ್ನ ತಕರಾರು ಏನು? ಎಲ್ಲ ರೀಮ್ಯಾನ್ ಒಂದೇ ಅಲ್ಲ, ಅದೇ. ಗ್ರಾಹಕರಿಗೆ ಮೋಸವಾಗದಂತೆ ನೋಡುವ ಇಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ನ ಮಾರ್ಗಸೂಚಿ ಪ್ರಕಾರ ಆ ಹೆಸರಿನಲ್ಲಿ ಮಾರಬೇಕಾದರೆ ಮಾಲನ್ನು ಬಿಚ್ಚಿರಬೇಕು, ತೊಳೆದು ತುಕ್ಕು ತೆಗೆದಿರಬೇಕು, ಕೆಟ್ಟದ್ದನ್ನೂ ಚೆನ್ನಾಗಿ ಸವೆದದ್ದನ್ನೂ ಸರಿಮಾಡಿರಬೇಕು ಅಥವಾ ಬದಲಿಸಿರಬೇಕು. ಸರಿ, ಆದರೆ 'ಚೆನ್ನಾಗಿ ಸವೆದದ್ದು' ಅಂತ ತೀರ್ಮಾನಿಸುವವರು ಯಾರು? ಒಂದು ಕಂಪನಿ ಬ್ರಶ್, ಬೇರಿಂಗ್, ರೆಗ್ಯುಲೇಟರ್ ಮೂರನ್ನೂ ಹೊಸದೇ ಹಾಕುತ್ತದೆ, ರಿಂಗನ್ನು ಲೇತಿಗೆ ಕೊಟ್ಟು ನುಣುಪು ಮಾಡುತ್ತದೆ. ಇನ್ನೊಂದು ಕಂಪನಿ ಆವತ್ತಿನ ಪರೀಕ್ಷೆಯಲ್ಲಿ ಪಾಸಾದ ರೆಗ್ಯುಲೇಟರನ್ನು ಹಾಗೇ ಬಿಡುತ್ತದೆ. ಡಬ್ಬದ ಹೊರಗೆ ನಿಂತು ನೋಡಿದರೆ ಎರಡೂ ಥಳಥಳ.

ಆಮೇಲೆ ಆ ಲೈಫ್‌ಟೈಮ್ ವಾರಂಟಿ. ನಮ್ಮವರು ಮರುಳಾಗುವುದು ಇಲ್ಲೇ. ಸಾಮಾನ್ಯವಾಗಿ ಆ ವಾರಂಟಿ ಮಾಲಿಗೆ ಮಾತ್ರ, ಕೂಲಿಗೆ ಅಲ್ಲ. ಕೆಟ್ಟರೆ ಅದೇ ತರಹದ ಇನ್ನೊಂದು ಡಬ್ಬ ಪುಕ್ಕಟೆ ಕೊಡುತ್ತಾರೆ, ಅದನ್ನು ಹಾಕಿಸುವ ಖರ್ಚು ನಿಮ್ಮದೇ, ಜೊತೆಗೆ ಹಿಮ ಬೀಳುವ ರಾತ್ರಿ ಹೆದ್ದಾರಿ ಪಕ್ಕ ನಿಂತು ಟೋ ಗಾಡಿಗೆ ಕಾಯುವುದೂ ನಿಮ್ಮ ಪಾಲಿಗೇ. ಎಂಜಿನ್ ಮುಂದೆ ಮೇಲುಗಡೆಯೇ ಕೂತಿದ್ದು, ಎರಡು ಬೋಲ್ಟ್ ಒಂದು ಬೆಲ್ಟ್ ತೆಗೆದರೆ ಕೈಗೆ ಬರುವಂಥ ಆಲ್ಟರ್ನೇಟರ್ ಆದರೆ, ಮನೆ ಮುಂದೆಯೇ ನೀವೇ ಬದಲಿಸುವವರಾದರೆ, ಅಂಥ ವಾರಂಟಿಯ ಅಗ್ಗದ ಮಾಲು ತಗೊಂಡರೂ ನಡೆದೀತು. ಆದರೆ ಕೆಲವು ವಿ6 (ಆರು ಸಿಲಿಂಡರಿನ) ಕಾರುಗಳಲ್ಲಿ ಅದು ಎಂಜಿನ್‌ಗೂ ಹಿಂದಿನ ಗೋಡೆಗೂ ನಡುವೆ ಅಡಗಿರುತ್ತದೆ, ತೆಗೆಯುವುದಕ್ಕೇ ಗಂಟೆಗಟ್ಟಲೆ ಬೇಕು. ಅಂಥ ಕಾರಿಗೆ ಎಪ್ಪತ್ತೆಂಬತ್ತು ಡಾಲರ್ ಉಳಿಸಲು ಹೋಗುವುದು ತಪ್ಪು ಲೆಕ್ಕ, ಅಲ್ವಾ?

ಹೊಸದೇ ಬೇಕು ಅನ್ನುವವರಿಗೂ ಒಂದು ಮಾತು. ಹೊಸದರಲ್ಲಿ ಎರಡು ಜಾತಿ. ಡೀಲರ್ ಹತ್ತಿರ ಸಿಗುವ ಕಂಪನಿ ಮಾಲು, ಅದು ಎಷ್ಟೋ ಕಾರಿಗೆ ನಾಲ್ಕುನೂರು ಡಾಲರ್ ದಾಟುತ್ತದೆ. ಇನ್ನೊಂದು, ಆನ್‌ಲೈನ್‌ನಲ್ಲಿ ಅದರ ಕಾಲು ಭಾಗಕ್ಕೆ ಸಿಗುವ, ಹೆಸರೇ ಕೇಳದ ಬ್ರಾಂಡಿನ 'ನೂರಕ್ಕೆ ನೂರು ಹೊಸದು'. ಅದರ ಬೇರಿಂಗ್ ಯಾರದ್ದು, ಡಯೋಡ್ ಯಾರದ್ದು, ದೇವರಿಗೇ ಗೊತ್ತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಮ್ಮವರು 'ಒರಿಜಿನಲ್ಲಾ, ಡೂಪ್ಲಿಕೇಟಾ?' ಅಂತ ಕೇಳದೆ ಒಂದು ಬಲ್ಬೂ ಕೊಳ್ಳುವುದಿಲ್ಲ. ಇಲ್ಲಿಗೆ ಬಂದ ಮೇಲೆ ಆ ಪ್ರಶ್ನೆ ಯಾಕೆ ಮರೆಯಬೇಕು?

ನನ್ನ ಆಯ್ಕೆ ಹೀಗೆ. ಕಾರಿನೊಳಗೆ ಮೊದಲಿಂದ ಇದ್ದ ಆಲ್ಟರ್ನೇಟರ್ ಯಾರು ಮಾಡಿದ್ದು ಅಂತ ಅದರ ಮೈಮೇಲಿನ ಚೀಟಿ ನೋಡುತ್ತೇನೆ. ಎಷ್ಟೋ ಟೊಯೋಟಾಗಳಲ್ಲಿ ಡೆನ್ಸೋ ಇರುತ್ತದೆ, ಜರ್ಮನ್ ಕಾರುಗಳಲ್ಲಿ ಬಾಷ್ ಅಥವಾ ವ್ಯಾಲಿಯೋ. ಡೆನ್ಸೋದಂಥವರು ತಮ್ಮದೇ ಹೆಸರಿನಲ್ಲಿ ರೀಮ್ಯಾನ್ ಮಾರುತ್ತಾರೆ. ಮೂಲದಲ್ಲಿ ಮಾಡಿದವರೇ ಮತ್ತೆ ಸರಿಮಾಡಿ ಕೊಡುವ ಆ ಮಾಲು, ಹೆಸರಿಲ್ಲದ ಹೊಸದಕ್ಕಿಂತ ಎಷ್ಟೋ ಮೇಲು. ಅದು ಸಿಗದಿದ್ದರೆ, ಕಾರನ್ನು ಇನ್ನೂ ನಾಲ್ಕೈದು ವರ್ಷ ಓಡಿಸುವ ಯೋಚನೆಯಿದ್ದರೆ, ಕಂಪನಿಯ ಹೊಸದು. ಕೊಳ್ಳುವಾಗ ಆಂಪಿಯರ್ ಸರಿಯಿದೆಯಾ ನೋಡಿ, ಒಂದೇ ಮಾಡೆಲ್‌ನಲ್ಲಿ ಎರಡು ಮೂರು ಬಗೆ ಇರುತ್ತವೆ. ಪ್ಲಗ್ಗಿನ ಪಿನ್ ಹೋಲಿಸಿ. ಹಳೆಯದರ ಪುಲ್ಲಿ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಪುಲ್ಲಿ ಆಗಿದ್ದರೆ ಹೊಸದಕ್ಕೂ ಅದೇ ಬೇಕು, ಸಾದಾ ಪುಲ್ಲಿ ಹಾಕಿದರೆ ಬೆಲ್ಟ್ ಅದುರಿ ಅದುರಿ, ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಹಾಳಾಗುತ್ತದೆ.

ಇದಕ್ಕೆಲ್ಲ ಮುಂಚೆ, ಹೋಗಿರುವುದು ಆಲ್ಟರ್ನೇಟರೇ ಹೌದಾ? ಇಲ್ಲಿ ಮಿಶಿಗನ್‌ನಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ, ಅರ್ತ್ ಕೇಬಲ್ಲಿನ ಕೊನೆ ತುಕ್ಕು ಹಿಡಿದು ಚಾರ್ಜಿಂಗ್ ನಿಲ್ಲುವುದು ಸಾಮಾನ್ಯ. ಎಂಜಿನ್ ನಿಂತಾಗ ಬ್ಯಾಟರಿ 12.6 ವೋಲ್ಟ್ ಹತ್ತಿರ, ಓಡುವಾಗ 14 ಹತ್ತಿರ ಇರಬೇಕು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಏರಿಸಿ ಇಳಿಸಿ ಮಾಡುವುದರಿಂದ ಸ್ಕ್ಯಾನರ್ ಹಾಕಿಸುವುದು ಒಳ್ಳೆಯದು. ಇಲ್ಲಿನ ಎಷ್ಟೋ ಬಿಡಿಭಾಗದ ಅಂಗಡಿಗಳಲ್ಲಿ ಪುಕ್ಕಟೆ ಪರೀಕ್ಷೆ ಮಾಡಿಕೊಡುತ್ತಾರೆ. ಊರಿನ ಕೆಲವರು ಎಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು 'ಗಾಡಿ ನಿಲ್ಲುತ್ತಾ ನೋಡೋಣ' ಅನ್ನುತ್ತಾರೆ. ಅಂಬಾಸಡರ್ ಕಾಲಕ್ಕೆ ಅದು ನಡೆಯುತ್ತಿತ್ತು. ಈಗಿನ ಕಾರಿನಲ್ಲಿ ಹಾಗೆ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಜಿಗಿದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಸುಟ್ಟೀತು. ದಯವಿಟ್ಟು ಮಾಡಲು ಬಿಡಬೇಡಿ. ಹಾಗೆಯೇ, ಪೂರ್ತಿ ಸತ್ತ ಬ್ಯಾಟರಿ ಇಟ್ಟುಕೊಂಡು ಹೊಸ ಆಲ್ಟರ್ನೇಟರ್ ಹಾಕಿ ಓಡಿಸಬೇಡಿ, ಮೊದಲು ಬ್ಯಾಟರಿಯನ್ನು ಚಾರ್ಜರ್‌ಗೆ ಹಾಕಿ.

ಊರಲ್ಲಿ ಈಗ ಬೇರೆಯದೇ ಬೇಸರ. ಸರ್ವಿಸ್ ಸೆಂಟರ್‌ಗಳಲ್ಲಿ ಅಮೆರಿಕದ ಅಭ್ಯಾಸ ಅರ್ಧ ಮಾತ್ರ ಬಂದಿದೆ. ಬಿಚ್ಚುವುದನ್ನು ಬಿಟ್ಟಿದ್ದಾರೆ, ಹಳೆಯದಕ್ಕೆ ಬೆಲೆ ಕಟ್ಟಿ ಬಿಲ್ಲಿನಲ್ಲಿ ಕಳೆಯುವುದನ್ನು ಮಾತ್ರ ಕಲಿತಿಲ್ಲ. ಶಿವಮೊಗ್ಗದಲ್ಲಿರುವ ನನ್ನ ತಮ್ಮನಿಗೂ ಹೀಗೇ ಆಯಿತು. 'ಪೂರ್ತಿ ಅಸೆಂಬ್ಲಿ ಬದಲಿಸಬೇಕು ಸಾರ್' ಅಂದರು. 'ಅಣ್ಣಾ, ಏನು ಮಾಡ್ಲಿ?' ಅಂತ ಫೋನ್ ಮಾಡಿದ. ಆಟೋ ಕಾಂಪ್ಲೆಕ್ಸ್‌ಗೆ ಒಯ್ದು ಬಿಚ್ಚಿಸು ಅಂದೆ. ಹೋಗಿದ್ದು ರೆಗ್ಯುಲೇಟರ್, ಜೊತೆಗೆ ಹಿಂದಿನ ಬೇರಿಂಗ್. ಎರಡೂ ಹಾಕಿಸಿದ, ಈಗಲೂ ಓಡುತ್ತಿದೆ. ಅಲ್ಲಿನ ಎಲೆಕ್ಟ್ರಿಷಿಯನ್‌ಗಳ ಕೈಗೆ ಒಂದು ಒಳ್ಳೆಯ ಟೆಸ್ಟ್ ಬೆಂಚ್ ಸಿಕ್ಕಿ, ಮಾಡಿದ ಕೆಲಸಕ್ಕೆ ಆರು ತಿಂಗಳ ಗ್ಯಾರಂಟಿ ಚೀಟಿ ಬರೆದುಕೊಟ್ಟರೆ ಮೆಕ್ಸಿಕೋದ ಕಾರ್ಖಾನೆಗೆ ಅವರು ಯಾವುದರಲ್ಲೂ ಕಡಿಮೆಯಿಲ್ಲ.

ಊರಲ್ಲಿ ಹೊಸದೇ ಹಾಕಿಸಬೇಕಾಗಿ ಬಂದರೂ ಹಳೆಯದನ್ನು ಅಲ್ಲೇ ಬಿಟ್ಟು ಬರಬೇಡಿ. ಕೇಳಿ, ಡಿಕ್ಕಿಯಲ್ಲಿ ಹಾಕಿಕೊಂಡು ಮನೆಗೆ ತನ್ನಿ. ಬಿಡುವಾದಾಗ ಬಿಚ್ಚಿಸಿ ರಿಪೇರಿ ಮಾಡಿಸಿಟ್ಟರೆ ಮುಂದಿನ ಸಲಕ್ಕೆ ಒಂದು ಸ್ಪೇರ್ ಆಯಿತು, ಅದೂ ನಿಮ್ಮದೇ ಕಾರಿನ ಒರಿಜಿನಲ್.