ನಿದ್ದೆ ಬಾರದವರಿಗೆ ‘ಬೇಗ ಮಲಗು’ ಅನ್ನಬೇಡಿ

ಈಗಷ್ಟೇ ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ ಕಡೆಯಿಂದ ಬಂದೆ. ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೀತಿದೀನಿ. ಮಂಡಕ್ಕಿ ಅಂಗಡಿ ಮುಂದೆ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ನಿಂತಿದ್ದ, ಕಣ್ಣ ಸುತ್ತ ಕಪ್ಪು. “ಒಂಬತ್ತಕ್ಕೇ ಮಲಗ್ತೀನಿ ದೊಡ್ಡಪ್ಪ, ಹನ್ನೆರಡಾದ್ರೂ ನಿದ್ದೆ ಹತ್ತಲ್ಲ, ಯಾರೋ ಏನೋ ಅಂದಿದ್ದೇ ತಲೇಲಿ ತಿರುಗ್ತಿರ್ತದೆ” ಅಂದ. ದೊಡ್ಡಪ್ಪನ ಉತ್ತರ: “ಹಂಗಾದ್ರೆ ಎಂಟೂವರೆಗೇ ಮಲಕ್ಕೋ. ಏನೂ ಯೋಚ್ನೆ ಮಾಡ್ಬೇಡ. ಚಿಂತೆ ಇಲ್ಲದವನಿಗೆ ಸಂತೇಲೂ ನಿದ್ದೆ.” ಅಷ್ಟು ಹೇಳಿ, ಪ್ರೀತಿಯಿಂದಲೇ, ಹುಡುಗನ ಕೈಗೆ ಚಹಾ ಕೊಟ್ರು. ಆಗ ಗಂಟೆ ಏಳು.

ಒಂದೇ ನಿಮಿಷದಲ್ಲಿ ಮೂರು ತಪ್ಪು. ಎಲ್ಲಕ್ಕಿಂತ ದೊಡ್ಡದು ‘ಬೇಗ ಮಲಗು’ ಅನ್ನೋದು.

ನಿದ್ದೆಯೂ ಹಸಿವಿನ ಹಾಗೆ. ಎಚ್ಚರ ಇದ್ದಷ್ಟು ಹೊತ್ತು ಮೆದುಳಲ್ಲಿ ಅಡೆನೊಸಿನ್ ಅನ್ನೋ ವಸ್ತು ಸೇರ್ತಾ ಹೋಗ್ತದೆ, ಅದೇ ನಿದ್ದೆಯ ಹಸಿವು. ಹಸಿವಿಲ್ಲದವನನ್ನ ಒಂದು ಗಂಟೆ ಮುಂಚೆ ಎಲೆ ಮುಂದೆ ಕೂರಿಸಿದ್ರೆ ಊಟ ಸೇರ್ತದಾ? ಒಂಬತ್ತಕ್ಕೆ ಮಲಗಿ ಆರಕ್ಕೆ ಏಳೋನು ಹಾಸಿಗೇಲಿ ಒಂಬತ್ತು ತಾಸು ಇರ್ತಾನೆ, ನಿದ್ದೆ ಬರೋದು ಐದೂವರೆ ತಾಸು. ಅಂದ್ರೆ ಶೇಕಡಾ 61. ಉಳಿದ ಮೂರೂವರೆ ತಾಸು ಹೊರಳಾಡ್ತಾ ಹಳೇ ಮಾತುಗಳನ್ನ ಮೆಲುಕು ಹಾಕೋದು. ತಿಂಗಳುಗಟ್ಟಲೆ ಹೀಗಾದ್ರೆ ಹಾಸಿಗೆ ಅನ್ನೋದೇ ಯೋಚನೆ ಮಾಡೋ ಜಾಗ ಆಗ್ತದೆ. ಟಿವಿ ಮುಂದೆ ತೂಕಡಿಸ್ತಿದ್ದವರು ಕೋಣೆಗೆ ಹೋಗಿ ದಿಂಬಿಗೆ ತಲೆ ಇಟ್ಟ ಕೂಡಲೇ ಕಣ್ಣು ಅಗಲ ಬಿಡೋದು ಇದಕ್ಕೇ.

ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ ಇದಕ್ಕೆ 1972ರಲ್ಲೇ ದಾರಿ ಹೇಳಿದ್ರು. ಕಣ್ಣು ಎಳೆಯೋ ತನಕ ಹಾಸಿಗೆಗೆ ಹೋಗಬೇಡಿ. ಹೋದ ಮೇಲೆ ಅಂದಾಜು ಹದಿನೈದು ಇಪ್ಪತ್ತು ನಿಮಿಷದಲ್ಲಿ ನಿದ್ದೆ ಹತ್ತದಿದ್ರೆ ಎದ್ದು ಬೇರೆ ಕೋಣೆಗೆ ಹೋಗಿ. ಅಂದಾಜು ಅಂದೆ, ಗಡಿಯಾರ ನೋಡಿ ಅಂದಿಲ್ಲ. ಗಡಿಯಾರ ನೋಡಿದ ಕ್ಷಣ ‘ಇನ್ನು ನಾಲ್ಕೇ ತಾಸು ಉಳೀತು’ ಅನ್ನೋ ಲೆಕ್ಕ ಶುರು, ಎದೆಬಡಿತ ಏರ್ತದೆ. ಗೋಡೆ ಗಡಿಯಾರ ತಿರುಗಿಸಿಡಿ, ಮೊಬೈಲ್ ಅಡುಗೆಮನೇಲಿ ಅಲಾರಂ ಇಟ್ಟು ಬಿಡಿ. ಎದ್ದು ಏನು ಮಾಡೋದು? ಮಂದ ಬೆಳಕಲ್ಲಿ ಕೂತು ನಾಳೆ ಚಟ್ನಿಗೆ ಶೇಂಗಾ ಸುಲೀರಿ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ. ಕೈಗೆ ಕೆಲಸ ಇರ್ತದೆ, ತಲೆಗೆ ಇರಲ್ಲ. ರೆಪ್ಪೆ ಭಾರ ಆದಾಗ ವಾಪಸ್ ಹೋಗಿ. ಮೊದಲ ವಾರ ಒಂದೇ ರಾತ್ರೀಲಿ ನಾಲ್ಕೈದು ಸಲ ಏಳಬೇಕಾಗಬಹುದು, ಬೇಜಾರಾಗಬೇಡಿ.

ಎರಡನೇ ದಾರಿ ಹಾಸಿಗೆ ಸಮಯ ಕಡಿಮೆ ಮಾಡೋದು. ನಿದ್ದೆ ಸಂಶೋಧಕ ಆರ್ಥರ್ ಸ್ಪೀಲ್‌ಮನ್ ಮತ್ತವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ವಿಧಾನ. ಒಂದು ವಾರ ದಿನಾ ಬೆಳಿಗ್ಗೆ ಅಂದಾಜಿನ ಮೇಲೆ ಬರೆದಿಡಿ: ಎಷ್ಟಕ್ಕೆ ಮಲಗಿದ್ದು, ಎಷ್ಟು ತಾಸು ನಿದ್ದೆ, ಎಷ್ಟಕ್ಕೆ ಎದ್ದಿದ್ದು. ಸರಾಸರಿ ಐದೂವರೆ ತಾಸು ಬಂದ್ರೆ ಅರ್ಧ ತಾಸು ಸೇರಿಸಿ, ಆರು ತಾಸು ಮಾತ್ರ ಹಾಸಿಗೆ. ಏಳೋ ಹೊತ್ತು ಮೊದಲು ಗಟ್ಟಿ ಮಾಡ್ಕೊಳ್ಳಿ. ಐದೂವರೆ ಅಂದ್ರೆ ಐದೂವರೆ, ಭಾನುವಾರವೂ ಅಷ್ಟೇ. ಹಂಗಾದ್ರೆ ಮಲಗೋದು ಹನ್ನೊಂದೂವರೆಗೆ. ಹಾಸಿಗೇಲಿ ಇದ್ದ ಹೊತ್ತಲ್ಲಿ ಶೇಕಡಾ 85ಕ್ಕಿಂತ ಹೆಚ್ಚು ನಿದ್ದೆ ಒಂದು ವಾರ ಬಂದ್ರೆ ಹದಿನೈದು ನಿಮಿಷ ಹಿಂದಕ್ಕೆ, ಹನ್ನೊಂದೂಕಾಲಿಗೆ ಮಲಗಿ. ಹೀಗೇ ಮುಂದೆ. ಎಷ್ಟೇ ಕಡಿಮೆ ನಿದ್ದೆ ಇದ್ರೂ ಐದು ತಾಸಿಗಿಂತ ಕೆಳಗೆ ಇಳಿಸಬೇಡಿ.

ಇದು ಕೆಡೋದು ಎಲ್ಲಿ ಗೊತ್ತಾ? ಮೂರನೇ ನಾಲ್ಕನೇ ದಿನ. ಹಗಲೆಲ್ಲ ಮಂಕು, ಸಿಟ್ಟು. ಮಧ್ಯಾಹ್ನ ಮುದ್ದೆ ಉಂಡು ‘ಹತ್ತೇ ನಿಮಿಷ’ ಅಂತ ಒರಗಿದವರು ಒಂದು ತಾಸು ನಿದ್ದೆ ಹೊಡೀತಾರೆ, ರಾತ್ರಿಗಂತ ಕೂಡಿಟ್ಟ ಹಸಿವು ಅಲ್ಲೇ ಖರ್ಚಾಯ್ತು. ಆ ದಿನಗಳಲ್ಲಿ ಗಾಡಿ ಓಡಿಸೋರು, ಯಂತ್ರದ ಮುಂದೆ ನಿಲ್ಲೋರು ದಯವಿಟ್ಟು ಹುಷಾರು. ಮೂರ್ಛೆರೋಗ, ಬೈಪೋಲಾರ್ (ಮನಸ್ಸು ಅತಿ ಹುರುಪು, ಅತಿ ಖಿನ್ನತೆ ನಡುವೆ ಓಲಾಡೋ ಕಾಯಿಲೆ) ಇರೋರು, ಗರ್ಭಿಣಿಯರು ಡಾಕ್ಟರನ್ನ ಕೇಳದೆ ಮಾಡಲೇಬಾರದು.

ಇನ್ನು ‘ಯೋಚ್ನೆ ಮಾಡ್ಬೇಡ’. ಮದ್ದು ಕುಡಿಯುವಾಗ ಕೋತಿ ನೆನೆಸ್ಕೋಬೇಡ ಅಂದ ಹಾಗೇ ಇದು. ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ‘ಬಿಳಿ ಕರಡಿ ನೆನೆಸ್ಕೋಬೇಡಿ’ ಅನ್ನೋ ಪ್ರಯೋಗ ಮಾಡಿ ತೋರಿಸಿದ್ದೂ ಅದನ್ನೇ, ಒತ್ತಿದ ಯೋಚನೆ ಪುಟಿದು ಬರ್ತದೆ. ಸೂಕ್ಷ್ಮ ಮನಸ್ಸಿನವರಿಗೆ ಯೋಚನೆ ನಿಲ್ಲಿಸು ಅನ್ನೋದು ಉಸಿರು ನಿಲ್ಲಿಸು ಅಂದಂಗೆ. ಅದಕ್ಕೊಂದು ಹೊತ್ತು ಕೊಡಿ. ಸಂಜೆ ಇಪ್ಪತ್ತು ನಿಮಿಷ, ಕುರ್ಚಿ ಮೇಲೆ ಕೂತು, ನೋಟ್‌ಬುಕ್ಕಿನ ಪುಟಕ್ಕೆ ನಡುವೆ ಗೆರೆ ಎಳೀರಿ. ಎಡಕ್ಕೆ ಚಿಂತೆ, ಬಲಕ್ಕೆ ಮುಂದಿನ ಒಂದೇ ಹೆಜ್ಜೆ. ‘ಅಪ್ಪನ ಬಿಪಿ ಮಾತ್ರೆ ಮುಗೀತು’ ಅಂತಿದ್ರೆ ಬಲಕ್ಕೆ ‘ನಾಳೆ ಹತ್ತಕ್ಕೆ ಚೀಟಿ ತಗೊಂಡು ಹೋಗೋದು’. ‘ಆಫೀಸಲ್ಲಿ ಅವಳು ಹಂಗ್ಯಾಕೆ ಅಂದ್ಲು’ ಅನ್ನೋದಕ್ಕೆ ಹೆಜ್ಜೆ ಇರಲ್ಲ. ಅಲ್ಲಿ ‘ಇವತ್ತು ಉತ್ತರ ಇಲ್ಲ’ ಅಂತ ಬರೆದು ಪುಸ್ತಕ ಮುಚ್ಚಿ. ಮಲಗೋಕೆ ಎರಡು ಮೂರು ತಾಸು ಮುಂಚೆಯೇ ಇದು ಮುಗೀಬೇಕು. ಹಾಸಿಗೆ ಮೇಲೆ ಕೂತು ಬರೆದ್ರೆ ಮತ್ತೆ ಅಲ್ಲೇ ಚಿಂತೆ ಹಚ್ಚಿದಂಗೆ.

ಚಹಾದ ವಿಚಾರ ಚಿಕ್ಕದು. ಅದರಲ್ಲಿರೋ ಕೆಫೀನ್ ಅಡೆನೊಸಿನ್‌ನ ಜಾಗ ಹಿಡಿದು ಕೂರ್ತದೆ. ಅರ್ಧ ಇಳಿಯೋಕೇ ಸುಮಾರು ಐದು ತಾಸು ಬೇಕು. ಏಳರ ಚಹಾ ಹನ್ನೆರಡಕ್ಕೆ ಅರ್ಧ ಉಳಿದಿರ್ತದೆ. ಮಧ್ಯಾಹ್ನದ ಮೇಲೆ ಬೇಡ.

‘ಕಾಟನ್ ಮಿಲ್ಲಲ್ಲಿ ಮೂರು ಪಾಳಿ ದುಡಿದ ನಮ್ಮೋರು ನಿದ್ದೆ ಬರಲ್ಲ ಅಂದಿದ್ರಾ’ ಅಂತ ಕೇಳ್ತಾರೆ. ಎಂಟು ತಾಸು ಮಗ್ಗದ ಮುಂದೆ ನಿಂತು ಬಂದ ಮೈ ಬಿದ್ದಲ್ಲೇ ನಿದ್ದೆ ಮಾಡ್ತದೆ, ನಾನು ಹೇಳ್ತಿರೋದೂ ಅದೇ ಹಸಿವು. ಆಗಲೂ ನಿದ್ದೆ ಬಾರದವರು ಇದ್ರು, ಅವರನ್ನ ಯಾರೂ ಕೇಳಲಿಲ್ಲ ಅಷ್ಟೇ. ‘ಒಂದು ಮಾತ್ರೆ ನುಂಗಿದ್ರಾಯ್ತು’ ಅನ್ನೋರಿಗೆ: ಅಲ್‌ಪ್ರಜೋಲಾಮ್ ತರದ ಮಾತ್ರೆ ಮೆಡಿಕಲ್ ಶಾಪಲ್ಲಿ ಕೇಳಿ ನುಂಗೋದಲ್ಲ, ಅಭ್ಯಾಸ ಹತ್ತಿಸ್ತದೆ. ಈಗಾಗಲೇ ತಗೊಳ್ತಿರೋರು ಒಮ್ಮೆಗೇ ಬಿಡಲೂಬೇಡಿ, ಡಾಕ್ಟರ್ ಹೇಳಿದ ಹಾಗೆ ಇಳಿಸಬೇಕು. ನಾನು ಬರೆದ ವಿಧಾನಗಳು ಸೇರಿದ ಚಿಕಿತ್ಸೆಗೆ ಸಿಬಿಟಿ-ಐ ಅಂತಾರೆ, ಅಂದ್ರೆ ನಿದ್ದೆಗೆಡಿಸೋ ಯೋಚನೆ, ಅಭ್ಯಾಸ ತಿದ್ದೋ ಚಿಕಿತ್ಸೆ. ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಇದನ್ನೇ ಕೊಡಿ ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನೋ ವೈದ್ಯರ ಸಂಘ 2016ರಲ್ಲೇ ಹೇಳಿದೆ.

ವಾರಕ್ಕೆ ಮೂರು ರಾತ್ರಿ ನಿದ್ದೆ ಬಾರದೆ ಮೂರು ತಿಂಗಳು ದಾಟಿದ್ರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ. ಗೊರಕೆ ನಡುವೆ ಉಸಿರು ನಿಲ್ಲೋದು, ರಾತ್ರಿ ಕಾಲಲ್ಲಿ ಏನೋ ಹರಿದಾಡಿದಂಗೆ ಆಗೋದು ಇದ್ರೆ ಕಾರಣ ಬೇರೆ, ಅದನ್ನೂ ಹೇಳಿ. ಕಾಲಿನ ತೊಂದರೆಗೆ ಕಬ್ಬಿಣದ ಅಂಶ ಪರೀಕ್ಷೆ ಮಾಡ್ತಾರೆ. ಬದುಕೇ ಬೇಡ ಅನ್ನಿಸ್ತಿದ್ರೆ ಬೆಳಗಾಗೋ ತನಕ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ 24 ತಾಸೂ ಎತ್ತುತಾರೆ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗ ಮಿರ್ಚಿ ಅರ್ಧಕ್ಕೇ ಬಿಟ್ಟು ತಲೆ ತಗ್ಗಿಸಿ ಹೋದ, ತಪ್ಪು ತನ್ನದೇ ಅನ್ನೋ ಹಾಗೆ. ಯಾರಾದ್ರೂ ಅವನ ಗೆಳೆಯರು ಇದನ್ನ ಓದಿದ್ರೆ ತಲುಪಿಸಿ: ತಮ್ಮಾ, ಇವತ್ತು ಎಂಟೂವರೆಗೆ ಮಲಗಬೇಡ. ಕಣ್ಣು ಎಳೆಯೋ ತನಕ ಹೊರಗೇ ಕೂತಿರು. ಬೆಳಿಗ್ಗೆ ಮಾತ್ರ ದಿನಾ ಏಳೋ ಹೊತ್ತಿಗೇ ಏಳು.