ತಾಳಗುಪ್ಪ ಸ್ಟೇಷನ್‌ಗೆ ಬೇಕಾದದ್ದು ಹೊಸ ಕಮಾನಲ್ಲ, ಪಿಟ್ ಲೈನ್

ನವೀಕರಣಕ್ಕೆ ಆರಿಸಿದ ಅಮೃತ ಭಾರತ ಸ್ಟೇಷನ್‌ಗಳ ಪಟ್ಟಿಯಲ್ಲಿ ಸಾಗರ ಜಂಬಗಾರು (ಸಾಗರ ಪಟ್ಟಣದ ಸ್ಟೇಷನ್), ತಾಳಗುಪ್ಪ ಎರಡೂ ಇವೆ. ಒಳ್ಳೆಯದೇ. ಆದರೆ ಕಮಾನು, ಟೈಲ್ಸು, ಲೈಟಿನಿಂದ ಒಂದು ರೈಲೂ ಹೆಚ್ಚಾಗುವುದಿಲ್ಲ. "ಜನ ಇಲ್ಲ, ಅದಕ್ಕೇ ರೈಲಿಲ್ಲ" ಅನ್ನುವ ವಾದವೂ ಅರ್ಧಸತ್ಯ. ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಇಂಥ ಕಡೆ ಎಷ್ಟು ರೈಲು ಬರಬಹುದು ಅನ್ನುವುದನ್ನು, ಜನ ಇಳಿದುಹೋದ ಮೇಲೆ ಖಾಲಿ ರೇಕಿಗೆ (ಒಟ್ಟಿಗೆ ಜೋಡಿಸಿದ ಬೋಗಿಗಳ ಸಾಲಿಗೆ) ಅಲ್ಲಿ ಏನು ವ್ಯವಸ್ಥೆ ಇದೆ ಅನ್ನುವುದೂ ನಿರ್ಧರಿಸುತ್ತದೆ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಬಂದದ್ದು 1899ರಲ್ಲಿ. ಮುಂದಿನ 97 ಕಿ.ಮೀ. ಮೈಸೂರು ಸಂಸ್ಥಾನದ ರೈಲ್ವೆ ತುಂಡುತುಂಡಾಗಿ ಹಾಕಿತು. 1930ರ ದಶಕದಲ್ಲಿ ಅರಸಾಳು, ಆನಂದಪುರ, ಸಾಗರ ಎಂದು ಕಾಡೊಳಗೆ ಸಾಗಿದ ಹಳಿ 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಆಗ ಜೋಗದ ವಿದ್ಯುತ್ ಯೋಜನೆಯ ಕೆಲಸ, ಹಿರೇಭಾಸ್ಕರ ಅಣೆಕಟ್ಟು ಎಲ್ಲ ನಡೆಯುತ್ತಿದ್ದ ಕಾಲ. ಹಳಿ ಜೋಗದ ಅಷ್ಟು ಹತ್ತಿರಕ್ಕೆ ಬಂದದ್ದು ಜಲಪಾತ ನೋಡುವವರಿಗಾಗಿ ಮಾತ್ರ ಅಂದುಕೊಳ್ಳಬೇಡಿ.

1990ರ ದಶಕದಲ್ಲಿ ಬೀರೂರು–ಶಿವಮೊಗ್ಗ ಬ್ರಾಡ್ ಗೇಜ್ ಆಯಿತು. ಹಳಿಗಳ ನಡುವಿನ ಅಗಲ ಶಿವಮೊಗ್ಗದವರೆಗೆ 1,676 ಮಿ.ಮೀ., ಅಲ್ಲಿಂದ ತಾಳಗುಪ್ಪದ ಕಡೆ ಇನ್ನೂ 1,000 ಮಿ.ಮೀ. ಶಿವಮೊಗ್ಗದಲ್ಲಿ ಇಳಿದು ಬೇರೆ ಗಾಡಿ ಹತ್ತಲೇಬೇಕು. ಬಸ್ಸಿಗೆ ರೈಲಿನ ಚಕ್ರ ಹಾಕಿದ ಹಾಗಿದ್ದ ಒಂದು ರೈಲ್‌ಬಸ್ ಈ ಮಾರ್ಗವನ್ನು ಹೆಸರಿಗೆ ಜೀವಂತ ಇಟ್ಟಿತ್ತು. ಪೂರ್ತಿ ಬ್ರಾಡ್ ಗೇಜ್ ಆಗುವಾಗ 2011 ಬಂತು. ಅಷ್ಟರಲ್ಲಿ ಒಂದು ತಲೆಮಾರು ಬಸ್ಸಿಗೇ ಒಗ್ಗಿಹೋಗಿತ್ತು. ಜನ ಇಲ್ಲ ಅನ್ನುವವರು ಈ ವರ್ಷಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಈಗ ಕೊನೆಯ ಸ್ಟೇಷನ್ನಿನ ಕೆಲಸಕ್ಕೆ ಬರೋಣ. ರೈಲು ಬಂದು ನಿಂತ ಮೇಲೆ ಎಂಜಿನ್ ಬಿಡಿಸಿ, ಪಕ್ಕದ ಲೈನಿನಲ್ಲಿ ತಂದು, ಇನ್ನೊಂದು ತುದಿಗೆ ಜೋಡಿಸಬೇಕು. ಆಮೇಲೆ ಬ್ರೇಕಿನ ಗಾಳಿ ಕೊನೆಯ ಬೋಗಿಯವರೆಗೂ ಮುಟ್ಟಿದೆಯೇ ಎಂದು ಪರೀಕ್ಷೆ. ಅಂದರೆ ಎರಡನೆಯ ಲೈನ್ ಖಾಲಿ ಇರಲೇಬೇಕು. ಒಂದು ರೇಕು ಬೆಳಿಗ್ಗೆ ಬಂದು ರಾತ್ರಿವರೆಗೆ ಅಲ್ಲೇ ನಿಂತರೆ, ಒಂದು ಲೈನು ದಿನವಿಡೀ ಹೋಯಿತು. ಮಧ್ಯಾಹ್ನ ಬೆಂಗಳೂರು ಬಿಡುವ ಇಂಟರ್‌ಸಿಟಿ ರಾತ್ರಿ ಇಲ್ಲಿಗೆ ಬಂದು ನಸುಕಿಗೆ ವಾಪಸ್ ಹೊರಡುತ್ತದೆ; ರಾತ್ರಿ ಅದಕ್ಕೊಂದು ಲೈನು ಬೇಕು.

ಇನ್ನು ನೀರು. ಹಳೆಯ ಮಾದರಿಯ ಒಂದು ಬೋಗಿಯ ಟ್ಯಾಂಕಿಗೆ ಸುಮಾರು 1,800 ಲೀಟರ್ ಹಿಡಿಯುತ್ತದೆ. 18 ಬೋಗಿಗೆ 32,000 ಲೀಟರಿಗೂ ಹೆಚ್ಚು. ಪೈಪಿನ ಒತ್ತಡ ಕಡಿಮೆಯಿದ್ದರೆ ಹೊರಡುವ ಹೊತ್ತಿಗೆ ಅರ್ಧ ಟ್ಯಾಂಕೂ ತುಂಬಿರುವುದಿಲ್ಲ. ಬೀರೂರು ದಾಟುವಾಗ ಶೌಚಾಲಯದ ನಲ್ಲಿ ಒಣಗಿರುತ್ತದೆ. ಬೋಗಿಯ ಅಡಿಗೆ ಇಳಿದು ಚಕ್ರ, ಸ್ಪ್ರಿಂಗ್, ಬ್ರೇಕ್ ನೋಡುವುದು ಬೇರೆಯೇ ಕೆಲಸ. ಅದಕ್ಕೆ ಹಳಿಯ ನಡುವೆ ಗುಂಡಿ ಇರುವ ಪಿಟ್ ಲೈನ್ ಬೇಕು. ಬೋಗಿ ಒಂದಕ್ಕೆ 22ರಿಂದ 24 ಮೀಟರ್ ಲೆಕ್ಕ ಹಾಕಿದರೆ, 24 ಬೋಗಿಯ ರೈಲಿಗೆ ಸುಮಾರು 530ರಿಂದ 575 ಮೀಟರ್ ಉದ್ದದ ಗುಂಡಿ, ಒಂದು ರೇಕಿಗೆ ಸುಮಾರು ಆರು ಗಂಟೆ. ಈ ಅನುಕೂಲ ಇರುವ ಊರಿನಿಂದ ಹೊಸ ರೈಲು ಹೊರಡಿಸುವುದು ಸುಲಭ. ಇಲ್ಲದ ಊರು ಬೇರೆ ಊರಿನ ರೇಕಿನ ಬಿಡುವು ಕಾಯಬೇಕು.

ಅದಕ್ಕೇ ಕೋಚಿಂಗ್ ಡಿಪೋ, ಅಂದರೆ ಬೋಗಿಗಳನ್ನು ತೊಳೆದು ತಪಾಸಣೆ ಮಾಡುವ ಕೇಂದ್ರ, ತಾಳಗುಪ್ಪದಲ್ಲೇ ಆಗಲಿ ಎಂದು ಸಾಗರದ ಕಡೆಯವರು ಕೇಳಿದ್ದು. ಶಂಕುಸ್ಥಾಪನೆ ಆದದ್ದು ಶಿವಮೊಗ್ಗದ ಹತ್ತಿರದ ಕೋಟೆಗಂಗೂರಿನಲ್ಲಿ, 2023ರ ಫೆಬ್ರವರಿಯಲ್ಲಿ. ರೈಲ್ವೆ ದೃಷ್ಟಿಯಿಂದ ನೋಡಿದರೆ ಅದು ತಪ್ಪು ಆಯ್ಕೆಯೇನಲ್ಲ. ಆದರೆ ಡಿಪೋ ಅಲ್ಲಾದರೆ ಹೊಸ ರೈಲುಗಳು ಶಿವಮೊಗ್ಗಕ್ಕೇ ನಿಲ್ಲುವ ಸಾಧ್ಯತೆ ಜಾಸ್ತಿ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಡಿಪೋ ಕೈತಪ್ಪಿದರೂ ತಾಳಗುಪ್ಪಕ್ಕೆ ರೇಕು ನಿಲ್ಲಿಸಲು ಹೆಚ್ಚಿನ ಲೈನುಗಳು, ಬೇಗ ನೀರು ತುಂಬುವ ಪಂಪು, ಒಂದು ಪಿಟ್ ಲೈನ್ ಕೇಳುವುದನ್ನು ಬಿಡಬಾರದು. ಸಿದ್ದಾಪುರ, ಶಿರಸಿ ಪಟ್ಟಣಗಳಿಗೆ ಇವತ್ತಿಗೂ ರೈಲಿಲ್ಲ. ಆ ಕಡೆಯವರೂ ಬರುವುದು ಇಲ್ಲಿಗೇ.

ಹೊನ್ನಾವರದವರೆಗೆ ಹಳಿ ಒಯ್ಯುವ ಬೇಡಿಕೆ ಬಹಳ ಹಳೆಯದು. ನಡುವೆ ಘಟ್ಟದ ಇಳಿಜಾರು, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. ಅದನ್ನೇ ನೆಚ್ಚಿಕೊಂಡು ಇವತ್ತಿನ ಕೆಲಸ ಮುಂದೂಡುವುದು ನನಗಂತೂ ಸರಿ ಕಾಣುವುದಿಲ್ಲ.

ಪ್ರಯಾಣಿಕರಿಗೊಂದು ಮಾತು. ರಾತ್ರಿ ರೈಲಿಗೆ ಸಾಗರದಿಂದ ಬರ್ತ್ ಸಿಗದೇ ಹೋದರೆ ತಾಳಗುಪ್ಪದಿಂದಲೂ ಹುಡುಕಿ ನೋಡಿ. ರೈಲು ಹೊರಡುವ ಸ್ಟೇಷನ್ನಿನ ಕೋಟಾ ಸಾಮಾನ್ಯವಾಗಿ ದೊಡ್ಡದು, ಅದರ ವೇಟಿಂಗ್ ಲಿಸ್ಟೂ ಬೇಗ ಕರಗುತ್ತದೆ. ಟಿಕೆಟ್ ಮಾಡುವಾಗಲೇ ಬೋರ್ಡಿಂಗ್ ಸ್ಟೇಷನ್ ಸಾಗರ ಜಂಬಗಾರು ಎಂದು ಆರಿಸಿ. ಇದನ್ನು ಮರೆತರೆ ನೀವು ಬಂದಿಲ್ಲ ಅಂದುಕೊಂಡು ಟಿಟಿಇ ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ಜೋಗಕ್ಕೆ ಹೋಗುವವರು ತಾಳಗುಪ್ಪದಲ್ಲಿ ಇಳಿದರೆ ಉಳಿಯುವುದು ಹದಿನೈದು ಕಿ.ಮೀ. ಒಳಗಿನ ದಾರಿ, ಸಾಗರದಲ್ಲಿ ಇಳಿದರೆ ಅದರ ಇಮ್ಮಡಿ. ಆದರೆ ಬಸ್ಸು ಹೆಚ್ಚು ಸಿಗುವುದು ಸಾಗರದಲ್ಲಿ. ಲಗೇಜು ಜಾಸ್ತಿ ಇದ್ದು ನಾಲ್ಕು ಜನ ಇದ್ದರೆ ತಾಳಗುಪ್ಪದಲ್ಲಿ ಇಳಿದು ಆಟೊ ಮಾಡಿ; ಒಬ್ಬರೇ ಇದ್ದರೆ ಸಾಗರವೇ ವಾಸಿ.