ನಮ್ಮ ಸ್ಟುಡಿಯೊದ ವಾರ್ತೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಒಂದು ಮಹಡಿಯಲ್ಲಿ ನಮ್ಮ ಡಿಸೈನ್ ಸ್ಟುಡಿಯೊ ಇದೆ. ಬೋರ್ಡಿನಲ್ಲಿ ‘ಸ್ಟುಡಿಯೊ’ ಎಂದಿರುವುದರಿಂದ ಅರ್ಧ ಜನ ತಲೆ ಬಾಚಿಕೊಂಡೇ ಮೆಟ್ಟಿಲು ಹತ್ತುತ್ತಾರೆ, ಪಾಸ್‌ಪೋರ್ಟ್ ಸೈಜ್ ಫೋಟೊ ಎಷ್ಟು ಎಂದು ಕೇಳುತ್ತಾರೆ. ಇರುವವರು ನಾನು, ನನ್ನ ಅಕ್ಕನ ಮಗ ಮತ್ತು ಏಪ್ರಿಲ್ ಬಂತೆಂದರೆ ನಮಗಿಂತ ಮೊದಲು ಕಾಯುವ ಒಂದು ಯುಪಿಎಸ್. ಈ ವಾರದ ಮುಖ್ಯ ಸುದ್ದಿ, ಕೂಲರಿಗೆ ಹೊಸ ಹುಲ್ಲು ಹಾಕಿಸಿದೆವು.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅಂತರ್ಜಾಲ ಕೆದಕುವುದು ನಮ್ಮಿಬ್ಬರ ಚಟ. ಹುಡುಗನಿಗೆ ಅಕ್ಷರಗಳ ಹುಚ್ಚು. ಹೊಸ ಕನ್ನಡ ಫಾಂಟ್ ಸಿಕ್ಕರೆ ಮೊದಲು ‘ಜ್ಯೋತ್ಸ್ನಾ’ ಎಂದು ಒತ್ತಿ ನೋಡುತ್ತಾನೆ. ಒತ್ತಿನ ಜೊತೆ ಇನ್ನೊಂದು ಒತ್ತು ಜೋತಾಡುವ ಆ ಹೆಸರನ್ನು ತಾಳಿಕೊಂಡ ಫಾಂಟ್ ಯಾವ ಲಗ್ನಪತ್ರಿಕೆಗೂ ಸೈ. ಈಗ ಮುಂಬೈಯ ಏಕ್ ಟೈಪ್‌ನವರ ‘ಅನೇಕ್ ಕನ್ನಡ’ಕ್ಕೆ ಮನಸೋತಿದ್ದಾನೆ. ಪುಕ್ಕಟೆ ಸಿಗುತ್ತದೆ, ಬೇಕಾದಂತೆ ತೆಳ್ಳಗಾಗುತ್ತದೆ, ಅಗಲವಾಗುತ್ತದೆ.

ಅವನದೊಂದು ವಾದವಿದೆ. 2014ರ ನವೆಂಬರ್ 1ರಂದು ಗುಲ್ಬರ್ಗಾ ಕಲಬುರಗಿಯಾದಾಗ ನಿಜವಾದ ಲಾಭ ಆದದ್ದು ಅಕ್ಷರ ಕೂಡಿಸುವವರಿಗಂತೆ. ಹಳೆಯ ಹೆಸರಿನಲ್ಲಿ ಕೆಳಗೊಂದು ಒತ್ತು, ಪಕ್ಕದಲ್ಲೊಂದು ಅರ್ಕಾವತ್ತು. ಹೊಸದರಲ್ಲಿ ಐದು ಅಕ್ಷರ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ. ಬೀದರ್, ಯಾದಗಿರಿಗಳೂ ಅದೇ ಜಾತಿ. ಜೇವರ್ಗಿ, ಚಿತ್ತಾಪುರದವರ ಬಗ್ಗೆ ಮಾತ್ರ ಅವನಿಗೆ ಮರುಕ. ಹೆಸರು ಬದಲಾದಾಗ ಬೋರ್ಡು, ಲೆಟರ್‌ಹೆಡ್ಡು, ರಬ್ಬರ್ ಸ್ಟಾಂಪುಗಳಿಂದ ನಮ್ಮಂಥವರಿಗೆ ಬಂದ ದುಡ್ಡನ್ನೂ ಲಾಭಕ್ಕೆ ಸೇರಿಸಬೇಕು ಎನ್ನುವುದು ನನ್ನ ತಿದ್ದುಪಡಿ.

ನನ್ನ ಪತ್ತೆ ಬೇರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನ ಸಂಗ್ರಹದ ಸುಮಾರು 3.75 ಲಕ್ಷ ಚಿತ್ರಗಳನ್ನು ಯಾರು ಬೇಕಾದರೂ ಬಳಸಿಕೊಳ್ಳಲೆಂದು ಬಿಟ್ಟುಕೊಟ್ಟಿತು. ಆ ರಾಶಿಯಲ್ಲಿ ಬಿದ್ರಿಯ ಹುಕ್ಕಾ ಪಾತ್ರೆಗಳು ಸಿಕ್ಕವು. ಒಂದನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಳಿಯಿಂದ ಕೊರೆದು ಗೀರಿನೊಳಗೆ ಬೆಳ್ಳಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ತೀಡಿದರೆ ಪಾತ್ರೆಯ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಜಪ್ಪಯ್ಯ ಎಂದರೂ ಕಪ್ಪಾಗುವುದಿಲ್ಲ. ಏಳು ಬಣ್ಣ ಸುರಿದೂ ಒಂದು ಫ್ಲೆಕ್ಸನ್ನು ಓದಿಸಲಾರದ ನಾನು ಆ ಕಪ್ಪು ಬಿಳಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅದರ ಒಂದು ಹೂವನ್ನು ಇಳಿಸಿಕೊಂಡು ದಾಲ್ ಮಿಲ್ಲಿನ ಸಾಹುಕಾರರೊಬ್ಬರ ತೊಗರಿಬೇಳೆ ಚೀಲಕ್ಕೆ ಗುರುತು ಬರೆದೆ. ಒಂದೇ ಬಣ್ಣ, ಚೀಲದ ಮೇಲೆ ಅಚ್ಚು ಹಾಕಿಸುವುದೂ ಅಗ್ಗ. ಸಾಹುಕಾರರು ಕನ್ನಡಕ ಏರಿಸಿ ನೋಡಿದರು.

“ಹೂವು ಚೆನ್ನಾಗಿದೆ. ಎಲ್ಲಿಯದು?”

“ನ್ಯೂಯಾರ್ಕಿನ ಮ್ಯೂಸಿಯಂನದು” ಎಂದೆ, ಎದೆ ಸ್ವಲ್ಪ ಉಬ್ಬಿಸಿಯೇ.

ಅವರು ಪರದೆಯ ಮೇಲಿನ ಹುಕ್ಕಾವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. “ಇಂಥ ಡಬ್ಬಿ ನಮ್ಮ ಮನೆಯಲ್ಲೇ ಇದೆಯಲ್ಲ. ಬೀದರಿನ ಬೀಗರು ಕೊಟ್ಟದ್ದು. ನಾಳೆ ತರುತ್ತೇನೆ. ಫೋನ್ ನಂಬರನ್ನು ಮಾತ್ರ ಇನ್ನಷ್ಟು ದೊಡ್ಡದು ಮಾಡಿ.”

ಮರುದಿನ ತಂದರು. ಮುಚ್ಚಳದ ತುಂಬ ಬಳ್ಳಿ, ಒಳಗೆ ಬಿಪಿ ಮಾತ್ರೆಯ ಅರ್ಧ ಪಟ್ಟಿ. ಮಾತ್ರೆಯನ್ನು ಹೊರಗೆ ತೆಗೆದಿಟ್ಟು ಡಬ್ಬಿಯನ್ನು ಸ್ಕ್ಯಾನರಿನ ಮೇಲೆ ಮಗುಚಿ ಇಟ್ಟೆವು.